ಓಡೋದಿರಲಿ, ಮೊದಲು ನಿಲ್ಲುತ್ತಾ?



ಈ ಸ್ಟುಡಿಯೋದಲ್ಲಿ ಕೂತು ನಾನು ಪದೇ ಪದೇ ಓದೋ ಒಂದು ವಾಕ್ಯ ಇದೆ. 'ಚಾಲಕನ ನಿಯಂತ್ರಣ ತಪ್ಪಿ ಕಾರು ಪಲ್ಟಿಯಾಗಿದೆ.' ಓದ್ತೀನಿ, ಮುಂದಿನ ಸುದ್ದಿಗೆ ಹೋಗ್ತೀನಿ. ನಿಯಂತ್ರಣ ಯಾಕೆ ತಪ್ಪಿತು ಅಂತ ಆ ವಾಕ್ಯ ಹೇಳೋದೇ ಇಲ್ಲ. ಟಯರು ಸವೆದಿತ್ತಾ? ಬ್ರೇಕ್ ಆಯಿಲ್ ಹಾಕಿಸಿ ಎಷ್ಟು ವರ್ಷ ಆಗಿತ್ತು? ಕಂಪನಿ ಕೊಟ್ಟಿದ್ದು ಸಾಲದು ಅಂತ ಯಾರಾದ್ರೂ ಅದಕ್ಕೆ ಇನ್ನಷ್ಟು ಪವರ್ ತುಂಬಿಸಿದ್ರಾ? ಇವತ್ತು ರಾಜಕೀಯ ಬೇಡ. ಇವತ್ತು ಬಾನೆಟ್ ಎತ್ತೋಣ.

'ಹಾಟ್ ಹ್ಯಾಚ್' ಅಂತ ಒಂದು ಜಾತಿಯ ಕಾರು ಇದೆ. ನೋಡೋಕೆ ನಮ್ಮ ನಿಮ್ಮ ಮನೆಯ ಸಣ್ಣ ಕಾರೇ. ಡಿಕ್ಕಿಯಲ್ಲಿ ತರಕಾರಿ ಚೀಲ ಹಿಡಿಯುತ್ತೆ, ಹಿಂದೆ ಮಕ್ಕಳು ಕೂರ್ತಾರೆ. ಆದ್ರೆ ಒಳಗಿರೋ ಎಂಜಿನ್ ಬೇರೆ. 1976ರಲ್ಲಿ ಜರ್ಮನಿಯಲ್ಲಿ ಗಾಲ್ಫ್ ಜಿಟಿಐ ಬಂದ ಮೇಲೆ ಈ ಹುಚ್ಚು ಜಗತ್ತಿಗೆಲ್ಲಾ ಹಬ್ಬಿತು. ನಮ್ಮಲ್ಲಿ 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ ಬಂತು, 105 ಪಿಎಸ್. 2015ರಲ್ಲಿ ಅಬಾರ್ತ್ ಪುಂಟೊ, 145 ಪಿಎಸ್. 2024ರಲ್ಲಿ ಟಾಟಾದ ಆಲ್ಟ್ರೋಜ್ ರೇಸರ್, 120 ಪಿಎಸ್. ಇಂಥ ಕಾರುಗಳಲ್ಲಿ ಕೆಲವು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಗರ ಕೈಗೆ ಸಿಗ್ತಿವೆ. ತಗೊಂಡ ಮಾರನೇ ದಿನವೇ ಶುರು: ಸೈಲೆನ್ಸರ್ ಬದಲಾಯಿಸು, ಫಿಲ್ಟರ್ ಬದಲಾಯಿಸು, ರೀಮ್ಯಾಪ್ ಮಾಡಿಸು.

ಬೈಯೋಕೆ ಬಂದಿಲ್ಲ ನಾನು. ಯಾಕಂದ್ರೆ ಆ ಹುಡುಗರಲ್ಲಿ ನಾನೂ ಒಬ್ಬ. ನನ್ನ ಹತ್ರವೂ ಅಂಥದ್ದೊಂದು ಕಾರಿದೆ, ಯಾವ ಕಂಪನಿ ಅನ್ನೋದು ಬೇಡ. ಎಂಜಿನಿಯರಿಂಗ್ ಓದಿದವನು, ಮೈಕ್ ಹಿಡಿದ ಮೇಲೆ ಸ್ಪ್ಯಾನರ್ ಮುಟ್ಟಿರಲಿಲ್ಲ. ಒಂದು ಭಾನುವಾರ ಜೆ.ಸಿ. ರೋಡಿನಿಂದ ಬ್ರೇಕ್ ಪ್ಯಾಡ್ ತಂದು, ನಾನೇ ಹಾಕ್ತೀನಿ ಅಂತ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕೂತೆ. ಎದುರು ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಬಂದು ನಿಂತು ನೋಡಿದ್ರು. 'ಏನಪ್ಪಾ ಇಂಜಿನಿಯರೇ, ಹಿಂದಿನ ಟಯರಿಗೆ ಕಲ್ಲು ಕೊಟ್ಟಿದ್ದೀಯಾ?' ಅಂದ್ರು. ಕೊಟ್ಟಿರಲಿಲ್ಲ. ಅವರೇ ಎರಡು ಕಲ್ಲು ತಂದು ಇಟ್ಟು, ಕಾಫಿಗೆ ಹೋದ್ರು.

ಪ್ಯಾಡ್ ಹಾಕೋ ಕೆಲಸ ಕಷ್ಟ ಏನಲ್ಲ. ಹೊಸ ಪ್ಯಾಡ್ ದಪ್ಪ ಇರುತ್ತೆ. ಅದಕ್ಕೆ ಜಾಗ ಆಗಬೇಕಾದ್ರೆ ಕ್ಯಾಲಿಪರ್‌ನ ಪಿಸ್ಟನ್ ಅನ್ನು ಹಿಂದಕ್ಕೆ ಒತ್ತಬೇಕು. ಒತ್ತಿದೆ, ಹಾಕಿದೆ, ಬೋಲ್ಟ್ ಬಿಗಿ ಮಾಡಿದೆ. ಕೈ ತೊಳೆದು, ಮಗಳನ್ನು ಹಿಂದೆ ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬರೋಣ ಅಂತ ಹೊರಟೆ. ನಮ್ಮ ಪಾರ್ಕಿಂಗ್‌ನಿಂದ ಗೇಟಿಗೆ ಒಂದು ಸಣ್ಣ ಇಳಿಜಾರು. ಗೇಟು ಮುಚ್ಚಿತ್ತು. ಬ್ರೇಕ್ ಒತ್ತಿದೆ. ಪೆಡಲ್ಲು ಸೀದಾ ನೆಲಕ್ಕೆ ಹೋಯ್ತು. ಕಾರು ನಿಲ್ಲಲಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದೆ. ನಾನು ಮುಟ್ಟಿದ್ದು ಮುಂದಿನ ಬ್ರೇಕ್, ಹ್ಯಾಂಡ್‌ಬ್ರೇಕ್ ಕೆಲಸ ಮಾಡೋದು ಹಿಂದಿನ ಚಕ್ರಕ್ಕೆ, ಅದೂ ಕೇಬಲ್ ಮೂಲಕ. ಅದಕ್ಕೆ ಬಚಾವಾದೆ. ಗೇಟಿಗೂ ಬಂಪರಿಗೂ ಒಂದು ಮೊಳ ಇರಲಿಲ್ಲ. ಹಿಂದಿನಿಂದ ಮಗಳು 'ಅಪ್ಪಾ, ಇನ್ನೊಂದ್ಸಲ ಮಾಡು' ಅಂದಳು. ಅವಳಿಗೆ ಅದು ಆಟ. ನನ್ನ ಕೈ ಮಾತ್ರ ಸ್ಟಿಯರಿಂಗ್ ಬಿಡಲಿಲ್ಲ.

ತಪ್ಪು ಎಲ್ಲಾಯ್ತು? ಪಿಸ್ಟನ್ ಹಿಂದಕ್ಕೆ ಹೋಗಿತ್ತು. ಕಾರು ಕದಲಿಸೋ ಮೊದಲು ನಿಂತಲ್ಲೇ ಪೆಡಲ್ ಅನ್ನು ಹತ್ತಾರು ಸಲ ಒತ್ತಿ, ಅದು ಗಟ್ಟಿಯಾಗೋವರೆಗೂ ಪಂಪ್ ಮಾಡಬೇಕಿತ್ತು. ಮೂವತ್ತು ಸೆಕೆಂಡಿನ ಕೆಲಸ. ನಾಲ್ಕು ವಿಡಿಯೋ ನೋಡಿದ್ದೆ, ಆ ಮೂವತ್ತು ಸೆಕೆಂಡ್ ಬಂದಾಗ ಮುಂದಕ್ಕೆ ಓಡಿಸಿದ್ದೆ. ಆ ಹಿರಿಯರು ಬಂದು ನೋಡಿ ಬೈಯಲಿಲ್ಲ. 'ರಿಪೇರಿ ಮುಗಿಯೋದು ಬೋಲ್ಟ್ ಬಿಗಿ ಮಾಡಿದಾಗ ಅಲ್ಲಪ್ಪಾ, ಚೆಕ್ ಮಾಡಿದಾಗ' ಅಂದ್ರು. ಅಷ್ಟೇ.

ಹಾಗಾದ್ರೆ ಮನೆಯಲ್ಲಿ ಏನೂ ಮಾಡಬಾರದಾ? ಖಂಡಿತಾ ಮಾಡಬೇಕು. ತನ್ನ ಕಾರನ್ನು ತಾನೇ ಮುಟ್ಟಿ ನೋಡುವವನಿಗೆ ಅದರ ಕಾಯಿಲೆ ಮೊದಲೇ ಗೊತ್ತಾಗುತ್ತೆ. ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಪ್ರಶ್ನೆ.

ಟಯರಿನಿಂದ ಶುರು ಮಾಡಿ. ಪಕ್ಕದ ಗೋಡೆಯ ಮೇಲೆ ಡಾಟ್ ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ, 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದ ಟಯರು ಅಂತ ಅರ್ಥ. ನಿಮ್ಮದು ಎಷ್ಟನೇ ಇಸವಿದು ಅಂತ ಗೊತ್ತಾ? ಟಯರಿನ ಗೀರುಗಳ ಮಧ್ಯೆ ಸಣ್ಣ ದಿಬ್ಬಗಳಿರುತ್ತವೆ, 1.6 ಮಿಲಿಮೀಟರ್ ಎತ್ತರ. ಟಯರು ಸವೆದು ಆ ಮಟ್ಟಕ್ಕೆ ಬಂತು ಅಂದ್ರೆ ಅದರ ಆಯಸ್ಸು ಮುಗೀತು. ಗಾಳಿ ಬೆಳಗ್ಗೆ, ಟಯರು ತಣ್ಣಗಿದ್ದಾಗ ನೋಡಬೇಕು. ಬಿಸಿಲಲ್ಲಿ ಐವತ್ತು ಕಿಲೋಮೀಟರ್ ಓಡಿಸಿ ಬಂಕಿನಲ್ಲಿ ನೋಡಿದ್ರೆ ಲೆಕ್ಕ ತಪ್ಪುತ್ತೆ.

ಆಮೇಲೆ ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್, ಆದ್ರೆ ಇದು ಗಾಳಿಯಲ್ಲಿರೋ ತೇವ ಹೀರುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಈಗ ಚಾರ್ಮಾಡಿಯನ್ನೋ ಆಗುಂಬೆಯನ್ನೋ ನೆನಪು ಮಾಡಿಕೊಳ್ಳಿ. ಇಳಿಜಾರು, ತಿರುವು, ತಿರುವಿಗೊಂದು ಬ್ರೇಕ್. ಬ್ರೇಕು ಕಾದು, ಹಳೇ ಆಯಿಲ್ ಕುದ್ದು ಆವಿಯಾದ್ರೆ ಪೆಡಲ್ ಒತ್ತಿದ್ರೂ ಒತ್ತಡ ಚಕ್ರ ಮುಟ್ಟಲ್ಲ. ಆವಿ ಕುಗ್ಗುತ್ತೆ, ದ್ರವ ಕುಗ್ಗಲ್ಲ; ವ್ಯತ್ಯಾಸ ಇಷ್ಟೇ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಬೇಕು. ಪೈಪಿನೊಳಗೆ ಗಾಳಿ ಸೇರದಂತೆ ಮಾಡೋ ಕೆಲಸ ಇದು. ಮೊದಲ ಸಲ ಗೊತ್ತಿರೋ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಕಲೀರಿ.

ಎಂಜಿನ್ ಆಯಿಲ್, ಏರ್ ಫಿಲ್ಟರ್, ಎಸಿ ಫಿಲ್ಟರ್ ಧಾರಾಳವಾಗಿ ನೀವೇ ಹಾಕಿ. ಟರ್ಬೊ ತಿರುಗೋದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು. ಅದರ ಜೀವ ಇರೋದೇ ಆಯಿಲಿನಲ್ಲಿ. ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡೇ ಹಾಕಿ, ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿ, ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ. ಕೈ ಅಂದಾಜು ಬೇಡ. ಮತ್ತೆ ಒಂದು ಮಾತು, ಬರೆದಿಟ್ಟುಕೊಳ್ಳಿ: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತೂರಬೇಡಿ. ಜಾಕ್ ಇರೋದು ಎತ್ತೋಕೆ. ಹೊತ್ತು ನಿಲ್ಲೋಕೆ ಸ್ಟ್ಯಾಂಡ್ ಬೇಕು.

ಇನ್ನು ಅಪ್‌ಗ್ರೇಡ್. ಎಲ್ಲರೂ ಮೊದಲು ಕೇಳೋದು ರೀಮ್ಯಾಪ್. ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಾಯಿಸಿ ಪವರ್ ಏರಿಸೋದು. ಲ್ಯಾಪ್‌ಟಾಪ್‌ನಲ್ಲಿ ಪವರ್ ಏರುತ್ತೆ ಸ್ವಾಮಿ, ಕ್ಲಚ್ಚಿನ ತಾಕತ್ತು ಏರಲ್ಲ. ಪೋಲೊ ಜಿಟಿ ಟಿಎಸ್‌ಐ ಉದಾಹರಣೆ ತಗೊಳ್ಳಿ. ಎಂಜಿನ್ ಕೊಡೋದು 175 ಎನ್‌ಎಂ ಟಾರ್ಕ್, ಏಳು ಗೇರಿನ ಆ ಗೇರ್‌ಬಾಕ್ಸ್ ಮಾಡಿರೋದು 250ರವರೆಗೆ. ಆ ಅಂತರ ಇಟ್ಟಿರೋದು ಬಾಳಿಕೆಗೆ. ನಾವು ಅದನ್ನೇ ತಿಂದು ಹಾಕ್ತೀವಿ. ಇನ್ನೊಂದು ಲೆಕ್ಕ, ಹೈಸ್ಕೂಲಿನದ್ದೇ. ವೇಗ 100ರಿಂದ 120ಕ್ಕೆ ಹೋದ್ರೆ ಹೆಚ್ಚಾಗಿದ್ದು ಇಪ್ಪತ್ತು ಪರ್ಸೆಂಟ್. ಆದ್ರೆ ಬ್ರೇಕು ನುಂಗಬೇಕಾದ ಶಕ್ತಿ 44 ಪರ್ಸೆಂಟ್ ಹೆಚ್ಚು.

ಅದಕ್ಕೇ ಹೇಳೋದು, ದುಡ್ಡು ಹಾಕೋ ಕ್ರಮ ಉಲ್ಟಾ ಮಾಡಿ. ಮೊದಲು ಒಳ್ಳೇ ಟಯರು. ಆಮೇಲೆ ಒಳ್ಳೇ ಪ್ಯಾಡು, ಹೊಸ ಬ್ರೇಕ್ ಆಯಿಲ್. ಆಮೇಲೆ ಸವೆದ ಬುಷ್, ಸೋರೋ ಶಾಕ್ ಅಬ್ಸಾರ್ಬರ್. ಇಷ್ಟು ಮಾಡಿ ಓಡಿಸಿ ನೋಡಿ. ಅರ್ಧ ಜನಕ್ಕೆ ಪವರ್ ಸಾಲದು ಅನ್ನೋ ಆಸೆ ಅಲ್ಲೇ ತಣ್ಣಗಾಗುತ್ತೆ, ಕಾರೇ ಬೇರೆ ಅನ್ನಿಸುತ್ತೆ.

ಕಾನೂನೂ ಕೇಳಿಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ವಿಮಾ ಕಂಪನಿಗೆ ಹೇಳದೆ ಮಾಡಿಸಿದ್ರೆ ಅಪಘಾತದ ದಿನ ಕ್ಲೇಮ್ ಕೂಡಾ ಕೈಕೊಡಬಹುದು. ರಾತ್ರಿ ಹನ್ನೆರಡಕ್ಕೆ ಢಬಢಬ ಅನ್ನೋ ಸೈಲೆನ್ಸರಿನ ವಿಷಯ ಬಿಡಿ, ಅದಕ್ಕೆ ಪಕ್ಕದ ಮನೆ ಅಜ್ಜಿಯ ಶಾಪವೇ ಸಾಕು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗ, ಮಗಳು ಭಾನುವಾರ ಕೈ ಮಸಿ ಮಾಡಿಕೊಂಡು ಕಾರಿನ ಪಕ್ಕ ಕೂತಿದ್ರೆ ಬೈಬೇಡಿ. ಹತ್ತಿರ ಹೋಗಿ ಎರಡೇ ಪ್ರಶ್ನೆ ಕೇಳಿ. ಟಯರಿಗೆ ಕಲ್ಲು ಕೊಟ್ಟಿದ್ದೀಯಾ? ಪೆಡಲ್ ಒತ್ತಿ ನೋಡಿದ್ಯಾ?

ನಾಳೆ ಬೆಳಗ್ಗೆ ನೀವೂ ಗಾಡಿ ತೆಗೆಯೋ ಮುಂಚೆ ಒಂದು ಸುತ್ತು ಹಾಕಿ. ನಾಲ್ಕೂ ಟಯರು ನೋಡಿ. ಬ್ರೇಕ್ ಒಮ್ಮೆ ಗಟ್ಟಿಯಾಗಿ ಒತ್ತಿ. ಎರಡು ನಿಮಿಷ. 'ನಿಯಂತ್ರಣ ತಪ್ಪಿ' ಅನ್ನೋ ಆ ವಾಕ್ಯವನ್ನು ಒಂದು ಸಲ ಕಡಿಮೆ ಓದೋ ಹಾಗಾದ್ರೂ ನನಗೆ ಸಾಕು.