ಮೆದೋಕಿನ ಸಮತಲದಲ್ಲಿ
ಫ್ರಾನ್ಸಿನ ಬೋರ್ಡೋ ನಗರದ ಉತ್ತರಕ್ಕೆ, ಜಿರೋಂದ್ ಅಳಿವೆಯ ಎಡದಂಡೆಯಲ್ಲಿ ಹಬ್ಬಿರುವ ಮೆದೋಕ್ ಸೀಮೆಯಲ್ಲಿ ಬೈಸಿಕಲ್ಲನ್ನೇರಿ ಮೆಲ್ಲನೆ ಸಾಗುವವನಿಗೆ ಏರುದಾರಿಯ ಆಯಾಸವೆಂಬುದು ಬಹುಮಟ್ಟಿಗೆ ಇಲ್ಲವಾದ್ದರಿಂದ, ಅವನ ದೃಷ್ಟಿ ತಾನಾಗಿಯೇ ನೆಲದತ್ತ ಇಳಿಯುತ್ತದೆ. ಆ ನೆಲವಾದರೋ, ಹೊಲವೆಂದು ಕರೆಯಲು ಬೇಸಾಯಗಾರನು ಸಂಕೋಚಪಡುವಂಥ ಬರಿಯ ಗರಸು! ಆದರೆ ಪುರಾತನಕಾಲದಲ್ಲಿ ನದಿ ತಂದೊಡ್ಡಿದ ಈ ಉರುಟುಗಲ್ಲುಗಳೇ ಮಳೆನೀರನ್ನು ನಿಲ್ಲಗೊಡದೆ, ಹಗಲಿನ ಬಿಸಿಯನ್ನು ಇರುಳಿಗಾಗಿ ಕಾಪಿಟ್ಟು, ದ್ರಾಕ್ಷಿಯನ್ನು ಪಕ್ವಗೊಳಿಸುತ್ತವೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಕಾಲುವೆ ತೋಡಿ ಇಲ್ಲಿಯ ತಗ್ಗುಗಳಲ್ಲಿದ್ದ ಜೌಗನ್ನೂ ಬಸಿದರು. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಇಲ್ಲಿಯ ದ್ರಾಕ್ಷಾಸವಗಳನ್ನು ಐದು ಶ್ರೇಣಿಗಳಾಗಿ ವಿಂಗಡಿಸಿದ ದಲ್ಲಾಳಿಗಳು ನೆಚ್ಚಿದ್ದು, ಸ್ವಾರಸ್ಯವೆಂದರೆ, ನಾಲಗೆಗಿಂತ ಹೆಚ್ಚಾಗಿ ಪೇಟೆಯ ಬೆಲೆಯನ್ನು. ಪೋಯಾಕ್ ಊರಿನ ಬಳಿ ಮೊದಲನೆಯ ಶ್ರೇಣಿಯ ತೋಟದಿಂದ ಐದನೆಯದಕ್ಕೆ ಅರೆಗಳಿಗೆಯಲ್ಲಿ ದಾಟಿಬಿಡುವ ಸವಾರನಿಗೆ ಎರಡೆಡೆಯಲ್ಲಿಯೂ ಕಾಣುವುದು ಅದೇ ಗರಸು, ಮೊಣಕಾಲೆತ್ತರಕ್ಕೆ ಕತ್ತರಿಸಿ ಕಟ್ಟಿದ ಅದೇ ಬಳ್ಳಿ.