ಗಾಡಿಗೆ ಕೈ ಹಾಕುವ ಮೊದಲು ಕಾಗದ ಓದಿರಿ

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಪ್ರಾವಿಡೆಂಟ್ ಫಂಡುಗಳ ವಿಷಯವನ್ನು ನಾವು ಇಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಇಂದು ಮೋಟಾರು ಗಾಡಿಯ ಮಾತು. ಕಪ್ಪುಬಸಿ ತೊಳೆದವರಿಗೂ ಮಗ್ಗ ನಡೆಸಿದವರಿಗೂ ಕಾರಿನ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ 1982ರ ಗಿರಣಿ ಮುಷ್ಕರದ ತರುವಾಯ ಈ ಮುಂಬಯಿಯಲ್ಲಿ ಎಷ್ಟು ಮನೆಗಳ ಅನ್ನ ಟ್ಯಾಕ್ಸಿಯಿಂದ ಬಂದಿತೆಂಬುದನ್ನು ಇಲ್ಲಿ ಕುಳಿತ ಹಿರಿಯರೇ ಬಲ್ಲರು. ಇಂದೂ ಹೋಟೆಲು ಬಿಟ್ಟ ನಮ್ಮ ಹುಡುಗರು ಸಾಲ ಮಾಡಿ ಗಾಡಿ ಕೊಳ್ಳುತ್ತಿದ್ದಾರೆ.

ನಮ್ಮ ಸದಸ್ಯರೊಬ್ಬರು ಹನ್ನೊಂದು ವರ್ಷ ಹೋಟೆಲಿನಲ್ಲಿ ದುಡಿದು, ಹೆಂಡತಿಯ ಒಡವೆ ಅಡವಿಟ್ಟು, ಹೊಸ ಪೆಟ್ರೋಲ್ ಗಾಡಿ ಕೊಂಡರು. ಕಂಪೆನಿಯೇ ಸಿ.ಎನ್.ಜಿ. ಕೂಡಿಸಿ ಕೊಡುವ ಗಾಡಿಗೆ ಬೆಲೆ ಹೆಚ್ಚೆಂದು, ಹೊರಗಿನ ಗ್ಯಾರೇಜಿನಲ್ಲಿ ಕಿಟ್ ಹಾಕಿಸಿದರು. ಸಂಘದ ಕೋಣೆಗೆ ಬಂದು ಉಳಿದ ಹಣದ ಲೆಕ್ಕ ಹೇಳಿದಾಗ ನಾವೂ ಭೇಷ್ ಎಂದೆವು. ಏಳನೆಯ ತಿಂಗಳಿಗೆ ಎಂಜಿನ್ ಕೆಟ್ಟಿತು. ಗಾಡಿ ಮಾರಿದವರು ಬಾನೆಟ್ ಎತ್ತಿ ನೋಡಿ, "ಹೊರಗಿನ ಕಿಟ್ ಇದೆ, ವಾರಂಟಿ ಇಲ್ಲ" ಎಂದುಬಿಟ್ಟರು. ಗಾಡಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಕಾಗದ ತನ್ನಿರೆಂದು ನಾವು ಕೇಳಿದೆವು. ಗ್ಯಾರೇಜಿನ ಬಿಲ್ಲು ಇರಲಿಲ್ಲ, ವಾರಂಟಿ ಪುಸ್ತಕವನ್ನು ತೆರೆದಿರಲಿಲ್ಲ, ಇಲ್ಲವೆಂದವರ ಬರಹವೂ ಇರಲಿಲ್ಲ. ಅಂದು ಭೇಷ್ ಎನ್ನುವ ಬದಲು ಪುಸ್ತಕ ಓದಿದಿರಾ ಎಂದು ನಾವು ಕೇಳಬೇಕಾಗಿತ್ತು. ಆ ತಪ್ಪು ನಮ್ಮದೂ ಹೌದು.

ವಾರಂಟಿಯೆಂದರೆ ದಾನವಲ್ಲ, ಕರಾರು. ತಯಾರಿಕೆಯಲ್ಲಿ ದೋಷವಿದ್ದರೆ ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರಿನವರೆಗೆ ನಮ್ಮ ಖರ್ಚಿನಲ್ಲಿ ಸರಿಪಡಿಸುತ್ತೇವೆಂದು ಕಂಪೆನಿ ಕೊಟ್ಟ ಮಾತು. ಹೋಟೆಲಿನ ರುಬ್ಬುವ ಯಂತ್ರಕ್ಕೆ ನಾವೇ ದೊಡ್ಡ ಮೋಟಾರು ಕೂಡಿಸಿ, ಬೆಲ್ಟು ಹರಿದರೆ ಯಂತ್ರ ಮಾಡಿದವನು ಹೊಣೆಯಲ್ಲ. ಆದರೆ ಆ ಮೋಟಾರಿಗೆ ಸಂಬಂಧವೇ ಇಲ್ಲದ ಭಾಗವೊಂದು ತಾನಾಗಿ ಬಿರಿದರೆ, ಮೋಟಾರಿನ ನೆಪ ಹೇಳುವುದು ನ್ಯಾಯವಲ್ಲ. ಗಾಡಿಯದೂ ಇದೇ ಲೆಕ್ಕ. ಆದರೆ ಕೆಲವು ಪುಸ್ತಕಗಳಲ್ಲಿ ಕರಾರು ಇನ್ನೂ ಬಿಗಿಯಾಗಿರುತ್ತದೆ. ಆದುದರಿಂದಲೇ ಮೊದಲು ಓದಬೇಕು.

ಯಾವ ಬದಲಾವಣೆ ಯಾವ ಭಾಗಕ್ಕೆ ಮುಳುವಾಗುತ್ತದೆಂಬುದನ್ನೂ ತಿಳಿದಿರೋಣ. ಪೆಟ್ರೋಲಿಗೆಂದು ಮಾಡಿದ ಎಂಜಿನಿನಲ್ಲಿ ಗ್ಯಾಸು ಉರಿಸಿದರೆ ವಾಲ್ವುಗಳು ಕೂರುವ ಜಾಗ ಬೇಗ ಸವೆಯಬಹುದು. ಲೈಟಿಗೋ ಹಾಡಿನ ಪೆಟ್ಟಿಗೆಗೋ ವೈರು ಕತ್ತರಿಸಿ ಕೂಡಿಸಿದರೆ ವಿದ್ಯುತ್ತಿನ ಭಾಗಗಳ ವಾರಂಟಿಗೆ ಕುತ್ತು. ಅಳತೆ ಮೀರಿದ ಟಯರು ಹಾಕಿದರೆ ಸಸ್ಪೆನ್ಷನ್ನು, ಬೇರಿಂಗುಗಳ ಮೇಲೆ ಭಾರ. ಮುಂದೆ ಕೂಡಿಸುವ ಕಬ್ಬಿಣದ ಗಾರ್ಡಿನಿಂದ ಅಪಘಾತದಲ್ಲಿ ಏರ್‌ಬ್ಯಾಗು ಸಕಾಲಕ್ಕೆ ಬಿಚ್ಚಿಕೊಳ್ಳದೆ ಹೋಗಬಹುದು. ಅದರ ವಿರುದ್ಧ ಕ್ರಮ ಕೈಗೊಳ್ಳಿರೆಂದು ಕೇಂದ್ರ ಸರಕಾರವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ.

ವಾರಂಟಿಯ ಹಿಂದೆ ಕಾನೂನೂ ನಿಂತಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಕಂಪೆನಿ ಮೂಲದಲ್ಲಿ ನಿಗದಿಪಡಿಸಿದ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಲಾಗದು; ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಬದಲಿಸಿದ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಮಂಜೂರಾದ ಸಿ.ಎನ್.ಜಿ. ಕಿಟ್ಟಿಗೆ ಅವಕಾಶವುಂಟು; ಆದರೆ ಆರ್.ಸಿ.ಯಲ್ಲಿ ದಾಖಲಾಗಬೇಕು, ವಿಮೆಯವರಿಗೂ ತಿಳಿಸಬೇಕು. ಗಾಡಿಯ ವಾರಂಟಿ ಬೇರೆ, ವಿಮೆ ಬೇರೆ. ಒಂದೇ ತಪ್ಪಿನಿಂದ ಎರಡನ್ನೂ ಕಳಕೊಳ್ಳಬೇಡಿ.

ಹಾಗೆಂದು ಕಂಪೆನಿಯವರು ಹೇಳಿದ್ದೆಲ್ಲ ವೇದವಾಕ್ಯವೆಂದು ತಲೆ ಬಾಗಿಸಬೇಕಾಗಿಲ್ಲ. ವಾರಂಟಿ ಇಲ್ಲವೆಂದರೆ ಮೂರು ಪ್ರಶ್ನೆ ಕೇಳಿರಿ: ಯಾವ ಕರಾರಿನಂತೆ? ಯಾವ ಭಾಗಕ್ಕೆ? ನಮ್ಮ ಬದಲಾವಣೆಯಿಂದಲೇ ಅದು ಕೆಟ್ಟಿತೆಂಬುದು ಹೇಗೆ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೊಡದಿದ್ದರೆ ನೀವೇ ಬರೆದು, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿ ಕಾದಿಡಿರಿ. ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕಬೇಡಿರಿ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಹೊಟ್ಟೆಪಾಡಿಗಾಗಿ ತಾನೇ ಗಾಡಿ ನಡೆಸುವವನನ್ನೂ ಗ್ರಾಹಕನೆಂದೇ ಒಪ್ಪುತ್ತದೆ. ಟ್ಯಾಕ್ಸಿಯವನು ವ್ಯಾಪಾರಿ, ಅವನಿಗೆ ಹಕ್ಕಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಎರಡು ವರ್ಷದೊಳಗೆ, ವಕೀಲರಿಲ್ಲದೆಯೂ ದೂರು ಕೊಡಬಹುದು. ಕೊಂಡ ಬೆಲೆ 5 ಲಕ್ಷದಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. ದೋಷವನ್ನು ಪರೀಕ್ಷೆಗೆ ಕಳುಹಿಸುವ ಅಧಿಕಾರವೂ ಆಯೋಗಕ್ಕಿದೆ. ಮೊದಲು ಸಲಹೆ ಬೇಕಾದರೆ 1915ಕ್ಕೆ ಫೋನು ಮಾಡಿರಿ.

ನಮ್ಮ ಆ ಸದಸ್ಯರ ಪತ್ರವನ್ನು ಸಂಘದ ಕೋಣೆಯಲ್ಲಿಯೇ ಕುಳಿತು ಬರೆದೆವು, ಉತ್ತರಕ್ಕೆ ಕಾದಿದ್ದೇವೆ. ಅವರೀಗ ಮತ್ತೆ ರಾತ್ರಿ ಪಾಳಿಯಲ್ಲಿ ಹೋಟೆಲಿಗೆ ಹೋಗುತ್ತಿದ್ದಾರೆ. ಇನ್ನೊಬ್ಬರಿಗೆ ಈ ಗತಿ ಬರಬಾರದು. ಆದುದರಿಂದ ಗಾಡಿಯ ಒಂದು ವೈರು ಕತ್ತರಿಸುವ ಮೊದಲು ಆ ಪುಸ್ತಕವನ್ನು ಹಿಡಿದು ಸಂಘಕ್ಕೆ ಬನ್ನಿರಿ. ಇಂಗ್ಲಿಷ್ ಬಾರದೆಂದು ನಾಚಬೇಡಿರಿ. ನಾವೂ ಮಿಡ್ಲ್ ಸ್ಕೂಲಿನವರೇ. ನಾಲ್ಕು ಜನ ಕೂಡಿ ಕುಳಿತರೆ ಓದಲಾಗದ ಕಾಗದವಿಲ್ಲ.