ಮೇಷ್ಟ್ರ ಕತ್ತಲು ಮತ್ತು ಖಾಲಿ ಜಾಗ

ಮೈಸೂರಿನಲ್ಲಿ ಬೆಳಕಿನ ಬಗ್ಗೆ ಮಾತಾಡುವಾಗ ಭೌತವಿಜ್ಞಾನಿ ಪಂಚರತ್ನಂ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಸಿ.ವಿ. ರಾಮನ್ ಅವರ ಸೋದರಳಿಯ. 1961ರಿಂದ 64ರವರೆಗೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರೀಡರ್, ಅಣ್ಣ ಎಸ್. ಚಂದ್ರಶೇಖರ್ ಅಲ್ಲೇ ಭೌತಶಾಸ್ತ್ರದ ಪ್ರೊಫೆಸರು. ಧ್ರುವೀಕೃತ ಬೆಳಕನ್ನು ಓದುವ ಹೊಸ ಬಗೆಯನ್ನು ಲೋಕಕ್ಕೆ ಕಲಿಸಿದ ಪಂಚರತ್ನಂ 35ಕ್ಕೇ ತೀರಿಕೊಂಡರು.

ಅದೇ ಧ್ರುವೀಕೃತ ಬೆಳಕನ್ನು ತೋರಿಸಲು ನನ್ನ ಮೇಷ್ಟ್ರು ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ಹಿಡಿದು ಕತ್ತಲು ಮಾಡುತ್ತಿದ್ದರು. ನಡುವೆ ಅಭ್ರಕದ ಚೂರು ತೂರಿಸಿದರೆ ತಟ್ಟನೆ ಬೆಳಕು! ದ್ವಿವಕ್ರೀಭವನ ಅಂದರೆ ಅದು. ‘ಅಭ್ರಕ ತೆಗೆದು ಬರೀ ಅಯಸ್ಕಾಂತ ಇಟ್ಟರೆ?’ ಎಂದು ಕೇಳುತ್ತಿದ್ದರು. ‘ಕತ್ತಲೇ ಸಾರ್’ ಅನ್ನುತ್ತಿದ್ದೆವು.

1936ರ ಹೈಸೆನ್‌ಬರ್ಗ್ ಮತ್ತು ಆಯ್ಲರ್ ಅವರ ಲೆಕ್ಕದ ಪ್ರಕಾರ ನಮ್ಮ ಉತ್ತರ ತಪ್ಪು. ಗಾಳಿಯನ್ನೆಲ್ಲ ತೆಗೆದರೂ ಕಾಂತಕ್ಷೇತ್ರದಲ್ಲಿ ನಿರ್ವಾತ ಅಭ್ರಕದಂತೆ ವರ್ತಿಸಬೇಕು. ಆದರೆ ಎಷ್ಟು? 2.5 ಟೆಸ್ಲಾ ಕ್ಷೇತ್ರದಲ್ಲಿ ಎರಡು ಧ್ರುವೀಕರಣ ದಿಕ್ಕುಗಳ ನಡುವಿನ ವಕ್ರೀಭವನಾಂಕದ ವ್ಯತ್ಯಾಸ ಬರೆಯಲು ದಶಮಾಂಶ ಬಿಂದುವಿನ ನಂತರ 22 ಸೊನ್ನೆ ಹಾಕಿ, ಆಮೇಲೆ 25 ಬರೆಯಬೇಕು.

ಇಟಲಿಯ ಪಿವಿಎಲ್‌ಎಎಸ್ ತಂಡ ಕಾಲು ಶತಮಾನ ಇದರ ಬೆನ್ನು ಹತ್ತಿತು. ಎದುರುಬದುರು ಕನ್ನಡಿಗಳ ನಡುವೆ ಲೇಸರ್ ಲಕ್ಷಾಂತರ ಬಾರಿ ಓಡಾಡುತ್ತಿತ್ತು, ಅಯಸ್ಕಾಂತ ತಿರುಗುತ್ತಲೇ ಇರುತ್ತಿತ್ತು. 2006ರಲ್ಲಿ ಅವರಿಗೆ ಒಂದು ಸಂಕೇತ ಸಿಕ್ಕಿತು. ಹೊಸ ಕಣವೇ ಸಿಕ್ಕಿತೇನೋ ಎಂದು ಲೋಕವೆಲ್ಲ ಎದ್ದು ಕೂತಿತು. ಉಪಕರಣ ಸುಧಾರಿಸಿ ಮತ್ತೆ ಅಳೆದರು. ಸಂಕೇತ ಮಾಯ. ಅದನ್ನು ತಾವೇ ಪ್ರಕಟಿಸಿದರು. ನನ್ನ ಮಟ್ಟಿಗೆ ಆ ತಂಡದ ಅತಿ ದೊಡ್ಡ ಕೆಲಸ ಅದೇ. 2020ರಲ್ಲಿ ಕೊನೆಯ ಫಲಿತಾಂಶ ಕೊಟ್ಟಾಗಲೂ ಅಳತೆಯ ಅನಿಶ್ಚಿತತೆ ಹುಡುಕುತ್ತಿದ್ದ ಬೆಲೆಯ ಸುಮಾರು ಏಳರಷ್ಟಿತ್ತು.

ಅಷ್ಟರಲ್ಲಿ, 2017ರಲ್ಲಿ, ಖಗೋಳದವರು ಒಂದು ನ್ಯೂಟ್ರಾನ್ ನಕ್ಷತ್ರದ ಬೆಳಕಿನಲ್ಲಿ ಸುಮಾರು ಶೇಕಡಾ 16 ಧ್ರುವೀಕರಣ ಕಂಡು, ಇದು ನಿರ್ವಾತದ್ದೇ ಕೆಲಸವಿರಬಹುದು ಎಂದರು. ನಾನು ಇನ್ನೂ ಒಪ್ಪಿಲ್ಲ. ಆ ನಕ್ಷತ್ರದ ಮೇಲ್ಮೈ ಹೇಗಿದೆ, ಅದು ಯಾವ ಕೋನದಲ್ಲಿ ನಿಂತಿದೆ ಎಂಬುದೆಲ್ಲ ಊಹೆಯ ಮೇಲೆ ನಿಂತ ಲೆಕ್ಕ. ಅಯಸ್ಕಾಂತವನ್ನು ನಾವೇ ತಿರುಗಿಸಿ ನೋಡಿದ ಸಾಕ್ಷಿಯಲ್ಲ ಅದು.

ಆದರೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ರಾಮನ್ ಕಟ್ಟಿದ ಬೆಂಗಳೂರಿನ ಸಂಸ್ಥೆಯೇ ತಯಾರಿಸಿದ ಪೋಲಿಕ್ಸ್ ಉಪಕರಣ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಮೇಲೆ ಹೋಗಿದೆ. ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯುವುದೇ ಅದರ ಕೆಲಸ. ನಾಳೆ ಅಂಥದ್ದೇ ಸಾಕ್ಷಿ ನಮ್ಮವರ ಕೈಯಿಂದ ಬಂದರೆ ಆಗಲೂ ಬೇಡವೆನ್ನುತ್ತೇನೆಯೇ? ನಿರ್ವಾತದ ಈ ಗುಣ ಪ್ರಯೋಗಶಾಲೆಗೆ ಎಂದೂ ಎಟುಕದಿದ್ದರೆ, ನಕ್ಷತ್ರವನ್ನು ನಂಬದೆ ಇನ್ನಾರನ್ನು ನಂಬಲಿ? ಇಲ್ಲಿ ಕೂತಿರುವ ವಿದ್ಯಾರ್ಥಿಗಳೇ, ಉತ್ತರ ತೋಚಿದರೆ ದಯವಿಟ್ಟು ನನಗೆ ಬಂದು ಹೇಳಿ.